ಬಿಯರ್ ಬೈ ಟೂ

ಹೋದ ಶುಕ್ರವಾರ ಆಫೀಸು ಮುಗಿಸಿ ನಾನು, ನನ್ನ ರೂಮ್‌ಮೇಟು ಊಟಕ್ಕೆ ಅಂತ ಜಯನಗರದ ಕಡೆ ಒಂದು ಬಾರ್ ಅಂಡ್ ರೆಸ್ಟೋರೆಂಟಿಗೆ ಹೋಗಿದ್ವಿ. ನೀರ್ ದೋಸೆ, ಕೋಳಿ ಸುಕ್ಕ ಹೇಳಿದ್ದಾಯ್ತು. ಆಮೇಲೆ "ಒಂದು ಬಿಯರ್ ಅಣ್ಣ, ಮೈಲ್ಡು. ಎರಡು ಚಿಕ್ಕ ಗ್ಲಾಸ್ ಕೊಟ್ಬಿಡಿ, ಬೈ ಟೂ" ಅಂದೆ.

ಸಪ್ಲೈಯರ್ ಅಣ್ಣ ನನ್ನ ಮುಖ ನೋಡಿದ, ರೂಮ್‌ಮೇಟಿನ ಮುಖ ನೋಡಿದ. "ಇಬ್ರಿಗೆ ಒಂದೇ ಬಾಟ್ಲಾ ಸಾರ್? ಅದೂ ಮೈಲ್ಡು? ಅದ್ರಲ್ಲಿ ಏನಾಗುತ್ತೆ ಸಾರ್! ಸ್ಟ್ರಾಂಗ್ ತರ್ತೀನಿ ಬಿಡಿ" ಅಂದ. ಪಾಪ, ಅವನು ಗೇಲಿ ಮಾಡಲಿಲ್ಲ. ನಿಜವಾಗ್ಲೂ ನಮ್ಮ ದುಡ್ಡು ವೇಸ್ಟಾಗುತ್ತಲ್ಲ ಅನ್ನೋ ಕಾಳಜಿಯಿಂದಲೇ ಹೇಳಿದ.

ಊಟ ಮುಗಿಸಿ ಮನೆಗೆ ಬಂದ ಮೇಲೂ ಆ ಮಾತು ತಲೆಯಲ್ಲೇ ಉಳೀತು. "ಏನಾಗುತ್ತೆ?" ನಮ್ಮ ಕಡೆ ಬಿಯರ್ ಬಗ್ಗೆ ಕೇಳೋ ಪ್ರಶ್ನೆ ಇದೊಂದೇ. "ಹೇಗಿದೆ?" ಅಂತ ಯಾರೂ ಕೇಳಲ್ಲ. ಕಾಫಿಗೆ ಕೇಳ್ತೀವಿ. ಚಿಕೋರಿ ಎಷ್ಟು, ಡಿಕಾಕ್ಷನ್ ಯಾವಾಗ ಇಳಿಸಿದ್ದು, ಹಾಲು ಗಟ್ಟಿ ಇದೆಯಾ ಅಂತ ಅರ್ಧ ಗಂಟೆ ವಾದ ಮಾಡ್ತೀವಿ. ಮಾವಿನಹಣ್ಣಿಗಂತೂ ಬಾದಾಮಿ, ರಸಪುರಿ, ಮಲ್ಲಿಕಾ ಅಂತ ಪಕ್ಷಗಳೇ ಇವೆ. ಬಿಯರ್ ಅಂದ ಕೂಡಲೇ ಮಾತ್ರ ಎರಡೇ ಲೆಕ್ಕ: ಚಿಲ್ಡ್ ಇದೆಯಾ, ಏರುತ್ತಾ!

ಮುಂದೆ ಹೋಗೋ ಮೊದಲು ಒಂದು ಮಾತು. ಇದು "ಎಲ್ಲರೂ ಬಿಯರ್ ಕುಡಿಯಿರಿ" ಅನ್ನೋ ಬರಹ ಅಲ್ಲ. ಕುಡಿಯದೇ ಇರೋರು ದಯವಿಟ್ಟು ಹಾಗೇ ಇರಿ, ನಿಮಗೇನೂ ನಷ್ಟ ಇಲ್ಲ. ನಾನು ಬರೀತಿರೋದು ಹೇಗೂ ಕುಡಿಯೋರ ಬಗ್ಗೆ, ಮುಖ್ಯವಾಗಿ ನನ್ನ ಬಗ್ಗೆ.

ನನಗೆ ಈ "ಹೇಗಿದೆ?" ಪ್ರಶ್ನೆ ಮೊದಲ ಸಲ ಹೊಳೆದದ್ದು ಜರ್ಮನಿಯಲ್ಲಿ. 2022ರಲ್ಲಿ ಮೂರು ತಿಂಗಳು ಆನ್‌ಸೈಟ್ ಅಂತ ಫ್ರಾಂಕ್‌ಫರ್ಟಿಗೆ ಹೋಗಿದ್ದೆ. ಶನಿವಾರ ಭಾನುವಾರ ರೂಮಲ್ಲಿ ಕೂತು ಎಂಟಿಆರ್ ಪ್ಯಾಕೆಟ್ ಬಿಸಿ ಮಾಡೋದು ಬೇಜಾರಾಗಿ ರೈಲು ಹತ್ತೋಕೆ ಶುರು ಮಾಡಿದೆ. ಮೊದಲು ಹೋಗಿದ್ದು ಕಲೋನ್‌ಗೆ. ದೊಡ್ಡ ಚರ್ಚು ನೋಡಿ, ಕತ್ತು ನೋವಾಗೋವರೆಗೂ ಮೇಲೆ ನೋಡಿ, ಹಸಿವಾಗಿ ಹತ್ತಿರದ ಒಂದು ಹಳೇ ಬ್ರೂವರಿಯ ಊಟದ ಹಾಲಿಗೆ ನುಗ್ಗಿದೆ.

ಆ ಊರಿನ ಬಿಯರಿಗೆ ಕೋಲ್ಶ್ ಅಂತ ಹೆಸರು. ತಿಳಿ ಹಳದಿ, ಹಗುರ. ಆ ಹೆಸರನ್ನ ಕಲೋನ್ ಮತ್ತು ಅದರ ಸುತ್ತಮುತ್ತಲ ಬ್ರೂವರಿಗಳು ಮಾತ್ರ ಇಟ್ಕೋಬಹುದು ಅಂತ 1986ರಲ್ಲಿ ಅವರವರೇ ಒಪ್ಪಂದ ಮಾಡಿಕೊಂಡಿದ್ದಾರೆ. ನಮ್ಮ ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ ಇದ್ದ ಹಾಗೆ ಅಂದ್ಕೊಳ್ಳಿ. ಆದರೆ ನನಗೆ ಆಶ್ಚರ್ಯ ಆಗಿದ್ದು ಬಿಯರ್ ನೋಡಿ ಅಲ್ಲ, ಗ್ಲಾಸ್ ನೋಡಿ. ಜರ್ಮನಿ ಅಂದ್ರೆ ಬಕೆಟ್ಟಿನಂಥ ಮಗ್ಗು ಅಂತ ಅಂದ್ಕೊಂಡಿದ್ದೆ. ಇವರು ತಂದಿಟ್ಟಿದ್ದು ಉದ್ದಕ್ಕೆ, ತೆಳ್ಳಗೆ ಇರೋ ಒಂದು ಗ್ಲಾಸು. ಬರೀ 200 ಎಂಎಲ್! ನಮ್ಮ ದರ್ಶಿನಿಗಳಲ್ಲಿ ಬಾದಾಮಿ ಹಾಲು ಕೊಡೋ ಗ್ಲಾಸಿಗಿಂತ ಸ್ವಲ್ಪ ದೊಡ್ಡದು ಅಷ್ಟೇ.

ಅಲ್ಲಿನ ಸಪ್ಲೈಯರಿಗೆ ಕೋಬೆಸ್ ಅಂತಾರೆ. ನೀಲಿ ಏಪ್ರನ್ನು, ಕೈಯಲ್ಲಿ ಹಿಡಿ ಇರೋ ದುಂಡನೆ ತಟ್ಟೆ, ಅದರ ಗುಂಡಿಗಳಲ್ಲಿ ಸಾಲಾಗಿ ಗ್ಲಾಸು. ನೀವು ಕೇಳೋದೇ ಬೇಡ. ಗ್ಲಾಸು ಖಾಲಿಯಾದ ತಕ್ಷಣ ಇನ್ನೊಂದು ಇಟ್ಟು, ಗ್ಲಾಸಿನ ಕೆಳಗಿರೋ ರಟ್ಟಿನ ಬಿಲ್ಲೆ ಮೇಲೆ ಪೆನ್ಸಿಲಲ್ಲಿ ಒಂದು ಗೀಟು ಎಳೆದು ಹೋಗ್ತಾನೆ. ಸಾಕು ಅನ್ನಿಸಿದರೆ ಆ ಬಿಲ್ಲೇನ ಎತ್ತಿ ಗ್ಲಾಸಿನ ಬಾಯಿಗೆ ಮುಚ್ಚಬೇಕು. ಆಗ ಅವನು ಗೀಟು ಎಣಿಸಿ ದುಡ್ಡು ಹೇಳ್ತಾನೆ. ನಮ್ಮೂರ ಹಾಲಿನವಳು ಗೋಡೆ ಮೇಲೆ ಇದ್ದಿಲಲ್ಲಿ ಗೀಟು ಹಾಕ್ತಿದ್ದಳಲ್ಲ, ಅದೇ ಲೆಕ್ಕ!

ಮೆನುವಿನಲ್ಲಿ "ಹಾಲ್ವೆ ಹಾನ್" ಅಂತ ಇತ್ತು. ಮೊಬೈಲಲ್ಲಿ ಅರ್ಥ ನೋಡಿದರೆ ಅರ್ಧ ಹುಂಜ. ಆಹಾ ಅಂತ ಆರ್ಡರ್ ಮಾಡಿದೆ. ಬಂದಿದ್ದು ಒಂದು ಕಪ್ಪು ಬ್ರೆಡ್ಡು, ದಪ್ಪ ಚೀಸು, ಸಾಸಿವೆ, ಈರುಳ್ಳಿ. ಹುಂಜ ಎಲ್ಲಪ್ಪಾ ಅಂತ ಪಕ್ಕದ ಟೇಬಲ್ಲಿನ ಅಜ್ಜನ್ನ ನೋಡಿದರೆ ಆತ ಹೊಟ್ಟೆ ಹಿಡ್ಕೊಂಡು ನಗ್ತಿದ್ದ. ಹೊಸಬರೆಲ್ಲ ಹೀಗೇ ಬೀಳ್ತಾರಂತೆ :-)

ಆ ಅಜ್ಜ ಸಂಜೆಯೆಲ್ಲ ಒಬ್ಬನೇ ಕೂತು ಪೇಪರ್ ಓದ್ತಾ, ಬ್ರೆಡ್ಡು ಕಚ್ತಾ ಮೂರು ಗ್ಲಾಸು ಕುಡಿದು, ಬಿಲ್ಲೆ ಮುಚ್ಚಿ, ಟೋಪಿ ಹಾಕ್ಕೊಂಡು ಹೋದ. ಪಕ್ಕದಲ್ಲೇ ಮೊಮ್ಮಕ್ಕಳನ್ನ ಕರ್ಕೊಂಡು ಬಂದ ಸಂಸಾರ ಊಟ ಮಾಡ್ತಿತ್ತು. ಕರಿ ಪರದೆ ಇಲ್ಲ, ಮಂಕು ದೀಪ ಇಲ್ಲ. ಯಾರೂ ಯಾರಿಂದಲೂ ಮುಖ ಮುಚ್ಚಿಕೊಂಡಿರಲಿಲ್ಲ.

ನಾನು ನಾಲ್ಕಕ್ಕೆ ಬಿಲ್ಲೆ ಮುಚ್ಚಿದೆ. ನಾಲ್ಕು ಗೀಟಿನ ಆ ಬಿಲ್ಲೇನ ನೆನಪಿಗೆ ಅಂತ ಜೇಬಿಗೆ ಹಾಕ್ಕೊಂಡೆ.

ವಾಪಸ್ ರೈಲಿನಲ್ಲಿ ಕೆಟ್ಟ ಅಭ್ಯಾಸದಂತೆ ಲೆಕ್ಕ ಹಾಕಿದೆ. 200 ಎಂಎಲ್ ಕೋಲ್ಶ್‌ನಲ್ಲಿ ಹೆಚ್ಚುಕಮ್ಮಿ ನೂರಕ್ಕೆ 4.8 ಭಾಗ ಆಲ್ಕೋಹಾಲು. ಅಂದರೆ ಒಂದು ಗ್ಲಾಸಿಗೆ 9.6 ಎಂಎಲ್. ನಮ್ಮಲ್ಲಿ ಮಾಮೂಲಿ ದೊಡ್ಡ ಬಾಟಲಿ 650 ಎಂಎಲ್. ಸ್ಟ್ರಾಂಗ್ ಅಂದರೆ ನೂರಕ್ಕೆ 8ರವರೆಗೂ ಇರಬಹುದು. ಪೂರ್ತಿ 8 ಅಂತ ಹಿಡಿದರೆ ಒಂದು ಬಾಟಲಿಯಲ್ಲಿ 52 ಎಂಎಲ್ ಆಲ್ಕೋಹಾಲು. ಅಂದರೆ ನಮ್ಮ "ಒಂದೇ ಒಂದು ಬಿಯರ್ ಮಗಾ" ಅನ್ನೋದು ಕಲೋನಿನ ಅಜ್ಜನ ಐದೂಕಾಲು ಗ್ಲಾಸಿಗೂ ಜಾಸ್ತಿ! ಅಜ್ಜ ಮೂರಕ್ಕೇ ಎದ್ದು ಹೋದ. ನಾವು "ಒಂದರಲ್ಲಿ ಏನಾಗುತ್ತೆ" ಅಂತ ಎರಡನೇದು ತರಿಸ್ತೀವಿ.

ಇನ್ನು ರುಚಿಯ ವಿಷಯ. ಇದರಲ್ಲಿ ನಾನೇನೂ ಪಂಡಿತ ಅಲ್ಲ. ಆದರೆ ಗಮನ ಕೊಟ್ಟು ಕುಡಿಯೋಕೆ ಶುರು ಮಾಡಿದ ಮೇಲೆ ಒಂದು ತಮಾಷೆ ಗೊತ್ತಾಯ್ತು. ಇದರಲ್ಲಿ ಇರೋ ವಾಸನೆ, ರುಚಿಗಳಲ್ಲಿ ಮುಕ್ಕಾಲು ಪಾಲು ನಮ್ಮ ಅಡುಗೆಮನೆಯಲ್ಲೇ ಇವೆ. ಬಿಯರಿನ ಮೂಲ ಮಾಲ್ಟು. ಬಾರ್ಲಿ ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಬೇಕಾದಷ್ಟು ಹುರಿಯೋದು. ಮೊಳಕೆ ಬಂದಾಗ ಕಾಳಿನೊಳಗೆ ಹುಟ್ಟೋ ಕಿಣ್ವಗಳು ಆಮೇಲೆ ಹಿಟ್ಟಿನ ಅಂಶವನ್ನ ಸಕ್ಕರೆ ಮಾಡ್ತವೆ. ಅಮ್ಮ ರಾಗಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹುರಿದು ಬೀಸಿಸ್ತಾಳಲ್ಲ? ಅದೇ! ಮಕ್ಕಳಿಗೆ ಕುಡಿಸೋ ರಾಗಿ ಮಾಲ್ಟಿಗೆ ಆ ಹೆಸರು ಸುಮ್ಮನೆ ಬಂದಿಲ್ಲ.

ಬೆಲ್ಜಿಯಂ ಶೈಲಿಯ ಗೋಧಿ ಬಿಯರಿಗೆ ಕಿತ್ತಳೆ ಸಿಪ್ಪೆ ಜೊತೆ ಹಾಕೋದು ಕೊತ್ತಂಬರಿ ಬೀಜ. ನಮ್ಮ ಸಾರಿನಪುಡಿಯ ಅದೇ ಕೊತ್ತಂಬರಿ ಬೀಜ! ಆ ಶೈಲಿ ಒಂದು ಕಾಲಕ್ಕೆ ಪೂರ್ತಿ ನಿಂತೇಹೋಗಿತ್ತು. ಹೂಗಾರ್ಡನ್ ಅನ್ನೋ ಊರಲ್ಲಿ ಮೊದಲು ಹಾಲು ಹಾಕ್ತಿದ್ದ ಪಿಯರ್ ಸೆಲಿಸ್ ಅನ್ನೋರು 1960ರ ದಶಕದಲ್ಲಿ ಅದನ್ನ ಮತ್ತೆ ಶುರು ಮಾಡಿದರು. ಈಗ ಬೆಂಗಳೂರಿನ ಬ್ರೂ ಪಬ್ಬುಗಳಲ್ಲೂ ಅದು ಸಿಗುತ್ತೆ. ಬವೇರಿಯಾದ ಗೋಧಿ ಬಿಯರಿನಲ್ಲಿ ಬಾಳೆಹಣ್ಣು, ಲವಂಗದ ವಾಸನೆ ಬರುತ್ತೆ. ಅದಕ್ಕೆ ಬಾಳೆಹಣ್ಣೂ ಹಾಕಲ್ಲ, ಲವಂಗವೂ ಹಾಕಲ್ಲ, ಎಲ್ಲ ಆ ಯೀಸ್ಟಿನ ಕೈವಾಡ. ಬ್ರಸೆಲ್ಸ್ ಕಡೆ ಲ್ಯಾಂಬಿಕ್ ಅಂತ ಒಂದಿದೆ. ಅದಕ್ಕೆ ಯೀಸ್ಟು ಹಾಕೋದೇ ಇಲ್ಲ. ಚಳಿಗಾಲದ ರಾತ್ರಿ ಅಗಲವಾದ ತೊಟ್ಟಿಯಲ್ಲಿ ಬಿಟ್ಟು, ಗಾಳಿಯಲ್ಲಿ, ಮರದ ಪೀಪಾಯಿಯಲ್ಲಿ ಇರೋ ಜೀವಿಗಳೇ ಹುಳಿ ಹಿಡಿಸಲಿ ಅಂತ ಕಾಯ್ತಾರೆ. ದೋಸೆ ಹಿಟ್ಟಿಗೆ ಹೊರಗಿಂದ ಏನೂ ಹಾಕದೆ ರಾತ್ರಿಯೆಲ್ಲ ಇಟ್ಟು ಬೆಳಿಗ್ಗೆ ಉಬ್ಬಿದೆಯಾ ಅಂತ ಇಣುಕಿ ನೋಡೋ ನಮಗೆ ಇದನ್ನ ಬೇರೆ ಯಾರಾದರೂ ಹೇಳಿಕೊಡಬೇಕಾ?

ಆದರೆ ಇದೆಲ್ಲ ಗೊತ್ತಾಗಬೇಕಾದರೆ ಬಿಯರ್ ಐಸಿನ ಹಾಗೆ ಇರಬಾರದು. ತೀರಾ ತಣ್ಣಗಿದ್ದರೆ ನಾಲಿಗೆಗೂ ಮೂಗಿಗೂ ಏನೂ ತಿಳಿಯಲ್ಲ. ಫ್ರಿಜ್ಜಿನಿಂದ ತೆಗೆದ ಮಾವಿನಹಣ್ಣು ಸಪ್ಪೆ ಅನ್ನಿಸೋದಿಲ್ವಾ, ಹಾಗೇ. ನಾವು "ಚಿಲ್ಡ್ ಇದೆಯಾ" ಅಂತ ಕೇಳಿ ಕೇಳಿ ರುಚಿ ನೋಡೋ ದಾರೀನೇ ಮುಚ್ಚಿಕೊಂಡಿದ್ದೀವಿ ಅನ್ನಿಸುತ್ತೆ.

ಇಲ್ಲಿಯವರೆಗೂ ಓದಿ "ಆಹಾ, ಜರ್ಮನಿಗೆ ಹೋಗಿ ಬಂದು ಬುದ್ಧಿ ಹೇಳ್ತಾನೆ" ಅಂತ ಅಂದ್ಕೊಂಡಿರ್ತೀರಿ. ಸರಿ, ನನ್ನ ಮಾನ ಹೋದ ಕಥೆಯನ್ನೂ ಹೇಳಿಬಿಡ್ತೀನಿ.

ಕಲೋನ್ ಆಗಿ ಎರಡು ವಾರಕ್ಕೆ ಬಾಂಬರ್ಗ್ ಅನ್ನೋ ಊರಿಗೆ ಹೋದೆ. ಅಲ್ಲಿನ ವಿಶೇಷ ಹೊಗೆ ಬಿಯರು. ಬೀಚ್ ಅನ್ನೋ ಮರದ ಸೌದೆ ಹೊಗೆಯಲ್ಲಿ ಒಣಗಿಸಿದ ಮಾಲ್ಟಿನಿಂದ ಮಾಡೋದು. ಮೊದಲ ಗುಟುಕಿಗೇ ನನಗೆ ಅಜ್ಜಿ ಮನೆ ಬಚ್ಚಲು ನೆನಪಾಯ್ತು. ಹಂಡೆ ಒಲೆಗೆ ಹಸಿ ಸೌದೆ ಹಾಕಿದಾಗ ಬರ್ತಿತ್ತಲ್ಲ, ಅದೇ ವಾಸನೆ. ಕಣ್ಣಲ್ಲಿ ನೀರು ಬಂತು, ಹೊಗೆ ಇಲ್ಲದೇನೇ. ಮೊದಲನೇದು ಯಾರಿಗೂ ಇಷ್ಟ ಆಗಲ್ಲ, ಮೂರನೇದಕ್ಕೆ ಬಿಡೋಕಾಗಲ್ಲ ಅಂತ ಆ ಬಿಯರ್ ಬಗ್ಗೆ ಒಂದು ಮಾತಿದೆ. ನಾನು ಅದನ್ನ ಸೈನ್ಸ್ ಪ್ರಯೋಗ ಅನ್ನೋ ಹಾಗೆ ಮಾಡಿಯೇಬಿಟ್ಟೆ. ಅಲ್ಲಿ 200 ಎಂಎಲ್ ಕಥೆ ಇಲ್ಲ. ಒಂದೊಂದೂ ಅರ್ಧ ಲೀಟರು. ಗೀಟು ಎಳೆಯೋ ಕೋಬೆಸ್ಸೂ ಇಲ್ಲ. ಬೆಳಿಗ್ಗೆಯಿಂದ ತಿಂದಿದ್ದು ಒಂದು ಬನ್ನು.

ಸಂಜೆ ಆರು ಗಂಟೆ. ಮೂರನೇದು ಮುಗಿದಿತ್ತು. ಅಮ್ಮನ ಫೋನು. ನಮ್ಮಲ್ಲಿ ಆಗ ರಾತ್ರಿ ಒಂಬತ್ತೂವರೆ, ಊಟ ಮುಗಿಸಿ ದಿನಾ ಮಾಡೋ ಹೊತ್ತು. ನಾನು ಎತ್ತಲಿಲ್ಲ. ಯಾಕಂದ್ರೆ ಎತ್ತಿದರೆ ನಾಲಿಗೆ ತೊದಲುತ್ತೆ, ಅವಳಿಗೆ ಗೊತ್ತಾಗುತ್ತೆ. ಮತ್ತೆ ಬಂತು. ಮತ್ತೆ ಎತ್ತಲಿಲ್ಲ. ಮೀಟಿಂಗಿನಲ್ಲಿದ್ದೀನಿ ಅಂತ ಮೆಸೇಜು ಹಾಕಿದೆ. ಶನಿವಾರ ಸಂಜೆ, ಮೀಟಿಂಗು!

ಆ ಮೆಸೇಜು ಕಳಿಸಿದ ಮೇಲೆ ನನಗೆ ನೆನಪಾಗಿದ್ದು ಚಿಕ್ಕಪ್ಪ.

ಚಿಕ್ಕಪ್ಪನ ವಿಷಯ ನಮ್ಮ ಮನೆಯಲ್ಲಿ ಯಾರೂ ಜಾಸ್ತಿ ಮಾತಾಡಲ್ಲ. ಒಳ್ಳೇ ಮನುಷ್ಯ, ನನಗೆ ಸೈಕಲ್ ಕಲಿಸಿದವನು. ಮೊದಲು ಸಾರಾಯಿ ಪ್ಯಾಕೆಟ್ಟು. 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಾಗ ಅಜ್ಜಿ ದೇವರಿಗೆ ತುಪ್ಪದ ದೀಪ ಹಚ್ಚಿದ್ದಳು. ನಿಂತಿದ್ದು ಪ್ಯಾಕೆಟ್ ಮಾತ್ರ, ಅವನು ವೈನ್ ಸ್ಟೋರಿನ ಅಗ್ಗದ ವಿಸ್ಕಿಗೆ ಹೋದ. ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿರೋದು ಅವನು ಕುಡೀತಿದ್ದ ರೀತಿ. ಅಂಗಡಿ ಪಕ್ಕದ ಸಂದಿಯಲ್ಲಿ ನಿಂತು, ಆ ಕಡೆ ಈ ಕಡೆ ನೋಡಿ, ಒಂದೇ ಗುಟುಕಿಗೆ ಎತ್ತಿ, ಮುಖ ಕಿವುಚಿ, ಬಾಯಿಗೆ ಒಂದು ಚೂರು ಉಪ್ಪಿನಕಾಯಿ ಹಾಕ್ಕೊಂಡು, ಏನೂ ಆಗಿಲ್ಲ ಅನ್ನೋ ಹಾಗೆ ನಡ್ಕೊಂಡು ಬರ್ತಿದ್ದ. ಹತ್ತು ಸೆಕೆಂಡು. ಅಜ್ಜಿ ಕರೆದರೆ ದೂರದಿಂದಲೇ ಉತ್ತರ ಕೊಡ್ತಿದ್ದ, ಹತ್ತಿರ ಬರ್ತಿರಲಿಲ್ಲ. 2012ರಲ್ಲಿ ಲಿವರ್ ಹೋಗಿ ತೀರಿಕೊಂಡ. ಅವನಿಗೆ ಆಗ ನಲವತ್ತೊಂದು.

ಆ ಶನಿವಾರ ಸಂಜೆ ಅಮ್ಮನಿಗೆ ದೂರದಿಂದಲೇ ಉತ್ತರ ಕೊಟ್ಟವನು ನಾನು.

ಈ ಬರಹದ ಒಟ್ಟು ವಾದ ಅಲ್ಲಿಂದ ಹುಟ್ಟಿದ್ದು. ನಮ್ಮಲ್ಲಿ ಕುಡಿಯೋದನ್ನ ಬಚ್ಚಿಡೋ ವಿಷಯ ಮಾಡಿಟ್ಟಿದ್ದೀವಿ. ವೈನ್ ಸ್ಟೋರಿನಲ್ಲಿ ನ್ಯೂಸ್ ಪೇಪರು ಸುತ್ತಿ ಕಪ್ಪು ಕವರಿಗೆ ಹಾಕಿ ಕೊಡ್ತಾರೆ. ಊರ ಬಾರುಗಳಲ್ಲಿ ಹಗಲಲ್ಲೂ ಕತ್ತಲು. ಬಚ್ಚಿಟ್ಟು ಕುಡಿಯೋನಿಗೆ ಬೇಗ ಮುಗೀಬೇಕು, ಬೇಗ ಏರಬೇಕು. ಅವನಿಗೆ ರುಚಿ ಯಾಕೆ? ಊಟ ಯಾಕೆ? ಚಿಕ್ಕ ಗ್ಲಾಸು ಯಾಕೆ? ಎಷ್ಟಾಯ್ತು ಅಂತ ಎಣಿಸೋರೂ ಯಾರಿಲ್ಲ. "ಏನಾಗುತ್ತೆ?" ಅನ್ನೋ ಪ್ರಶ್ನೆ ಆ ಕತ್ತಲಲ್ಲಿ ಹುಟ್ಟಿದ್ದು ಅಂತ ನನ್ನ ಅನಿಸಿಕೆ. ರುಚಿ ನೋಡೋನು ನಿಧಾನ ಆಗಲೇಬೇಕು, ಬೇರೆ ದಾರಿ ಇಲ್ಲ. ನಿಧಾನ ಆದಾಗ ಸಾಕು ಅನ್ನೋದು ಕೇಳಿಸುತ್ತೆ.

ಊರಿಗೆ ವಾಪಸ್ ಬಂದಾಗ ಅಮ್ಮ ಬಟ್ಟೆ ಒಗೆಯೋಕೆ ಹಾಕ್ತಾ ನನ್ನ ಜಾಕೆಟ್ ಜೇಬಲ್ಲಿ ಕಲೋನಿನ ಬಿಲ್ಲೆ ಹಿಡಿದಳು. "ಇದೇನೋ ರಟ್ಟು, ಗೀಟು ಹಾಕಿದ್ಯಲ್ಲ?" ಅಂದಳು. ಆಟದ್ದು ಅಂತ ಹೇಳಬಹುದಿತ್ತು. ಬಾಂಬರ್ಗ್ ನೆನಪಾಯ್ತು. ಹೇಳಿಬಿಟ್ಟೆ. ಬಿಯರ್ ಕುಡಿದಿದ್ದು, ಅದರ ಲೆಕ್ಕ, ಬಿಲ್ಲೆ ಮುಚ್ಚೋದು, ಎಲ್ಲ. ಮೀಟಿಂಗು ಸುಳ್ಳು ಅಂತಲೂ ಹೇಳಿದೆ.

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಾನು ಗಾಬರಿಗೆ ಮಾಲ್ಟು, ಮೊಳಕೆ, ರಾಗಿ ಅಂತೆಲ್ಲ ವಿವರಿಸೋಕೆ ಶುರು ಮಾಡಿದೆ. "ಅಷ್ಟು ಇಷ್ಟ ಇದ್ರೆ ಮನೇಲಿ ರಾಗಿ ಮಾಲ್ಟೇ ಇದೆಯಲ್ಲ, ಅದನ್ನೇ ಕುಡಿ" ಅಂದಳು. ಆಮೇಲೆ ಬಿಲ್ಲೇನ ತಿರುಗಿಸಿ ನೋಡಿ, "ನಿನ್ನ ಚಿಕ್ಕಪ್ಪನೂ ಮೊದಮೊದಲು ಸ್ವಲ್ಪವೇ ಅಂತಿದ್ದ" ಅಂದು ಅದನ್ನ ಟೀವಿ ಮೇಲಿಟ್ಟು ಒಳಗೆ ಹೋದಳು. ಎಸೆಯಲಿಲ್ಲ. ಕ್ಷಮಿಸಿದ್ದೀನಿ ಅಂತಲೂ ಹೇಳಲಿಲ್ಲ. ಅವತ್ತಿನಿಂದ ಒಂದು ವ್ಯತ್ಯಾಸ: ಶನಿವಾರ ಫೋನ್ ಮಾಡಿದಾಗ "ಎಷ್ಟು ಗೀಟು?" ಅಂತ ಕೇಳ್ತಾಳೆ. ನಾನು ನಿಜ ಹೇಳ್ತೀನಿ. ಜಾಸ್ತಿ ಸಲ ಉತ್ತರ ಸೊನ್ನೆ.

ಅಮ್ಮನ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ, ಅದನ್ನ ಒಪ್ಕೋತೀನಿ. ರುಚಿ ನೋಡ್ತೀನಿ ಅಂತ ಶುರು ಮಾಡಿದವನು ಜಾರೋದಿಲ್ಲ ಅನ್ನೋದಕ್ಕೆ ಗ್ಯಾರಂಟಿ ಏನಿಲ್ಲ. ಕೆಲವರಿಗೆ ಒಂದು ಗ್ಲಾಸೂ ಆಗಿಬರಲ್ಲ, ಅವರಿಗೆ ನನ್ನ ಈ ಉಪದೇಶ ಬೇಡವೇ ಬೇಡ. ಚಿಕ್ಕ ಗ್ಲಾಸು ಚಿಕ್ಕಪ್ಪನನ್ನ ಉಳಿಸ್ತಿತ್ತು ಅಂತ ಹೇಳೋ ಧೈರ್ಯವೂ ನನಗಿಲ್ಲ.

ರೂಮ್‌ಮೇಟಿನ ಆಕ್ಷೇಪಣೆ ಬೇರೆ. "ಇದೆಲ್ಲ ದುಡ್ಡಿರೋರ ಶೋಕಿ ಮಗಾ. ಮೈಲ್ಡಿಗೂ ಸ್ಟ್ರಾಂಗಿಗೂ ರೇಟಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಕೊಟ್ಟ ದುಡ್ಡಿಗೆ ಕಿಕ್ ಸಿಗೋದ್ರಲ್ಲೇ ಬುದ್ಧಿವಂತಿಕೆ" ಅಂತಾನೆ. ಅವನ ಲೆಕ್ಕ ತಪ್ಪಲ್ಲ, ಬ್ರೂ ಪಬ್ಬಿನ ಒಂದು ದೊಡ್ಡ ಗ್ಲಾಸಿನ ರೇಟಿಗೆ ದರ್ಶಿನಿಯಲ್ಲಿ ಇಬ್ಬರು ಹೊಟ್ಟೆತುಂಬ ತಿನ್ನಬಹುದು. ಆದರೆ ಅದಕ್ಕೇ ಅಲ್ವಾ ಚಿಕ್ಕ ಗ್ಲಾಸು ಬೇಕಿರೋದು? ಕಾಫಿ ದುಬಾರಿ ಅನ್ನಿಸಿದಾಗ ನಾವು ಕಾಫಿ ಬಿಡಲಿಲ್ಲ, ಕಾಫಿಗೆ ಇನ್ನಷ್ಟು ಚಿಕೋರಿ ಸುರಿಯಲೂ ಇಲ್ಲ. ಬೈ ಟೂ ಮಾಡ್ಕೊಂಡ್ವಿ! ಅರ್ಧ ಲೋಟ ಕಾಫಿ, ಒಂದು ಗಂಟೆ ಹರಟೆ. ಇಷ್ಟು ಒಳ್ಳೇ ಸಂಪ್ರದಾಯ ಇಟ್ಕೊಂಡು ಬಿಯರಿಗೆ ಮಾತ್ರ ಪಿಚರ್ರು, ಬಾಟಮ್ಸ್ ಅಪ್ಪು ಅಂತ ಯಾಕೆ ಎರವಲು ತರಬೇಕು?

ಹಾಗಾಗಿ ನನ್ನ ಬೇಡಿಕೆಗಳು ಸಣ್ಣವು. ಬಾರಿನವರು ಮೆನುವಿನಲ್ಲಿ 200 ಎಂಎಲ್ ಗ್ಲಾಸು ಇಡಲಿ. ಕೆಲವು ಬ್ರೂ ಪಬ್ಬುಗಳಲ್ಲಿ ಹಲಗೆ ಮೇಲೆ ನಾಲ್ಕೈದು ಪುಟಾಣಿ ಗ್ಲಾಸು ಜೋಡಿಸಿ ಸ್ಯಾಂಪ್ಲರ್ ಅಂತ ಕೊಡ್ತಾರೆ, ಅದನ್ನ ಕೇಳೋಕೆ ನಾವು ನಾಚ್ಕೋಬಾರದು. ಟೀಮ್ ಪಾರ್ಟಿಗಳಲ್ಲಿ "ಒಂದೇನಾ? ಮೀಸೆ ಯಾಕೋ ಬಿಟ್ಟಿದ್ಯಾ?" ಅನ್ನೋ ಜೋಕು ನಿಲ್ಲಲಿ. ಕೋಕಮ್ ಜ್ಯೂಸ್ ಕುಡಿಯೋನಿಗೂ ಅದೇ ಮರ್ಯಾದೆ ಸಿಗಲಿ. ಖಾಲಿ ಹೊಟ್ಟೆಗೆ ಬೇಡ, ಊಟದ ಜೊತೆ ಇರಲಿ. ಕಾಂಗ್ರೆಸ್ ಕಡಲೆಕಾಯಿ ಆದ್ರೂ ಇರಲಿ. ಗಾಡಿ ಓಡಿಸೋನು ಒಂದು ಗುಟುಕೂ ಬೇಡ. ಕಾನೂನಿನ ಮಿತಿ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ, ಸಿಕ್ಕಿಬಿದ್ದರೆ 2019ರ ತಿದ್ದುಪಡಿ ಪ್ರಕಾರ ಮೊದಲ ಸಲಕ್ಕೇ ಹತ್ತು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ. ಅದಕ್ಕಿಂತ ದೊಡ್ಡದು ರಸ್ತೆಯಲ್ಲಿರೋ ಬೇರೆಯವರ ಜೀವ.

ಅಂದಹಾಗೆ, ಶುಕ್ರವಾರ ಏನಾಯ್ತು ಅಂತ ಹೇಳಲೇ ಇಲ್ಲ ಅಲ್ವಾ? ಆ ಅಣ್ಣ ಕೊನೆಗೂ ಒಂದು ಮೈಲ್ಡು, ಎರಡು ಚಿಕ್ಕ ಗ್ಲಾಸು ತಂದುಕೊಟ್ಟ. ನೀರ್ ದೋಸೆ ಜೊತೆ ಒಂದು ಗಂಟೆ ಬಂತು. ಬಿಲ್ ಕೊಡುವಾಗ "ಏನೂ ಆಗ್ಲಿಲ್ವಾ ಸಾರ್?" ಅಂತ ನಗ್ತಾ ಕೇಳಿದ. "ಚೆನ್ನಾಗಿತ್ತು ಅಣ್ಣ" ಅಂದೆ.

ಆಟೋ ಹತ್ತಿದ ಮೇಲೆ ಅಮ್ಮನ ಫೋನು. ಎತ್ತಿದೆ. ಒಂದೂವರೆ ಗೀಟು ಅಂದೆ :-)

ನೀವೇನಂತೀರಾ? ಬೈ ಟೂ ಪಕ್ಷಕ್ಕೆ ಸೇರ್ತೀರಾ, ಇಲ್ಲಾ ಅಮ್ಮನ ರಾಗಿ ಮಾಲ್ಟ್ ಪಕ್ಷಕ್ಕಾ?